ಹಳೇ ಡಬ್ಬಿ, ಹಳೇ ಹೊಗೆಸೊಪ್ಪು: ಪೈಪು ಸೇದುವ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನಿರುವುದು ಷಿಕಾಗೋದಲ್ಲಿ. ಇಲ್ಲೊಂದು ಮನೆಯ ಹಳೇ ಸಾಮಾನು ಮಾರುವಾಗ ಡನ್‌ಹಿಲ್ ಪೈಪ್ ತಂಬಾಕಿನ ಎರಡು ಡಬ್ಬಿ ಸಿಕ್ಕವು. ಒಂದು ಫ್ಲೇಕ್, ಇನ್ನೊಂದು ನೈಟ್‌ಕ್ಯಾಪ್. ಎರಡರದ್ದೂ ಸೀಲ್ ಒಡೆದಿಲ್ಲ. ಎಷ್ಟು ಹಳೆಯವು ಅಂತ ಹೇಗೆ ತಿಳಿಯೋದು? ತೆಗೆದು ಸೇದಲೋ, ಹಾಗೇ ಇಡಲೋ?

ಉತ್ತರ: ಒಳ್ಳೇ ಜೋಡಿ ಸಿಕ್ಕಿದೆ ನಿಮಗೆ. ಮೊದಲು ಡಬ್ಬಿ ತಿರುಗಿಸಿ, ಎಲ್ಲಿ ತಯಾರಾದದ್ದು ಅಂತ ನೋಡಿ. 1981ರವರೆಗೆ ಈ ಮಿಶ್ರಣಗಳು ಲಂಡನ್ನಿನವು. ಆಮೇಲೆ ಬೆಲ್‌ಫಾಸ್ಟಿನ ಮರ್ರೇ ಕಾರ್ಖಾನೆಗೆ ಹೋದವು, ಅದು 2005ರಲ್ಲಿ ಮುಚ್ಚಿದ ಮೇಲೆ ಡೆನ್ಮಾರ್ಕಿಗೆ. ಈಗ ಅವೇ ಮಿಶ್ರಣಗಳು ಪೀಟರ್ಸನ್ ಹೆಸರಲ್ಲಿ ಬರುತ್ತಿವೆ. ಬೆಲ್‌ಫಾಸ್ಟ್ ಅಂತ ಇದ್ದರೆ ಏನಿಲ್ಲವೆಂದರೂ ಇಪ್ಪತ್ತು ವರ್ಷದ ಮಾಲು.

ಆದರೆ ವರ್ಷಕ್ಕಿಂತ ಮುಖ್ಯ, ಒಳಗಿರೋದು ಯಾವ ಎಲೆ ಅನ್ನೋದು. ಹಳೇದೆಲ್ಲ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಸರಿಯಲ್ಲ. ಫ್ಲೇಕ್ ಅಂದರೆ ವರ್ಜೀನಿಯಾ ಎಲೆಯನ್ನು ಒತ್ತಿ, ಗಟ್ಟಿ ಹಲಗೆಯ ಹಾಗೆ ಮಾಡಿ, ತೆಳ್ಳಗೆ ಸೀಳಿದ್ದು. ವರ್ಜೀನಿಯಾದಲ್ಲಿ ಸಕ್ಕರೆ ಜಾಸ್ತಿ. ಮುಚ್ಚಿದ ಡಬ್ಬಿಯಲ್ಲಿ ಆ ಸಕ್ಕರೆ ವರ್ಷಗಟ್ಟಲೆ ನಿಧಾನಕ್ಕೆ ಮಾಗುತ್ತೆ, ಹೊಂಬಣ್ಣದ ಎಲೆ ಕಂದು ಆಗುತ್ತೆ, ಹಸಿ ಹುಲ್ಲಿನ ಖಾರ ಹೋಗಿ ಒಣಹಣ್ಣಿನ ಥರ ಸಿಹಿ ವಾಸನೆ ಬರುತ್ತೆ. ನೈಟ್‌ಕ್ಯಾಪಿನ ಜೀವ ಇರೋದು ಲಟಾಕಿಯಾದಲ್ಲಿ, ಅಂದರೆ ಕಟ್ಟಿಗೆ ಹೊಗೆಯಲ್ಲಿ ತೂಗುಹಾಕಿ ಕಪ್ಪಾಗಿಸಿದ ಎಲೆ, ಹಿಂದೆ ಸಿರಿಯಾದ್ದು, ಆಮೇಲೆ ಸೈಪ್ರಸ್ಸಿನದು. ಆ ಹೊಗೆಯ ಗಾಟು ಕಾಲ ಕಳೆದ ಹಾಗೆ ಇಳಿಯುತ್ತೆ. ಮೆತ್ತಗಾಗೋದು ಕೆಲವರಿಗೆ ಇಷ್ಟ, ನನಗೆ ಅದು ನಷ್ಟವೇ. ಎರಡನ್ನೂ ತೆಗೆಯಿರಿ. ಸೇದೋಕೆ ಅಂತಲೇ ಮಾಡಿದ ಎಲೆ ಅದು, ಕಪಾಟಿನಲ್ಲಿಟ್ಟು ನೋಡೋಕಲ್ಲ.

ತೆಗೆಯೋ ಮುಂಚೆ ಅಂಚಿನಲ್ಲಿ ತುಕ್ಕು ನೋಡಿ. ಸೂಜಿಮೊನೆಯಷ್ಟು ತೂತು ಸಾಕು, ಒಳಗಿರೋದು ಒಣಗಿ ಪುಡಿಯಾಗಿರುತ್ತೆ. ಅಲ್ಲಾಡಿಸಿದಾಗ ಗರಗರ ಅಂದರೆ ಒಣಗಿದೆ ಅಂತಲೇ. ಹಾಗಾಗಿದ್ದರೆ ಎಲೆಯನ್ನು ಅಗಲ ಬಟ್ಟಲಿಗೆ ಹಾಕಿ, ಮೇಲೆ ಹಿಂಡಿದ ಒದ್ದೆ ಬಟ್ಟೆಯನ್ನು ಎಲೆಗೆ ತಾಗದ ಹಾಗೆ ಬಿಗಿದು ಒಂದು ರಾತ್ರಿ ಬಿಡಿ. ಸೇಬಿನ ಹೋಳು, ಆಲೂಗಡ್ಡೆ ಹಾಕೋ ಉಪಾಯ ಬೇಡ, ಬೂಷ್ಟು ಬರುತ್ತೆ.

ಫ್ಲೇಕಿನ ಮೇಲೆ ಬಿಳೀ ಚುಕ್ಕೆ ಕಂಡರೆ ಗಾಬರಿಯಾಗಿ ಎಸೆದುಬಿಡಬೇಡಿ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಕಲ್ಲುಸಕ್ಕರೆ ಪುಡಿಯ ಹಾಗೆ ಮಿನುಗಿದರೆ ಅದು ಹರಳು, ಚೆನ್ನಾಗಿ ಮಾಗಿದ ಎಲೆಯ ಗುರುತು. ನೂಲಿನ ಹಾಗೆ ಎದ್ದು ನಿಂತು, ಮಳೆಗಾಲದ ಒದ್ದೆ ಚೀಲದ ವಾಸನೆ ಬಂದರೆ ಬೂಷ್ಟು. ಆಗ ಪೂರ್ತಿ ಡಬ್ಬಿ ಕಸಕ್ಕೆ.

ಪ್ರಶ್ನೆ: ಹುಣಸೂರಿನವನು ನಾನು, ನಮ್ಮದೇ ಬ್ಯಾರನ್ (ಹೊಗೆಸೊಪ್ಪು ಬೇಯಿಸುವ ಮನೆ) ಇದೆ. ನಾವು ಬೇಯಿಸಿದ ಸೊಪ್ಪನ್ನೇ ಪೈಪಿಗೆ ಹಾಕಬಹುದಾ?

ಉತ್ತರ: ಹೊಗೆಸೊಪ್ಪಿನ ಬಗ್ಗೆ ನಮಗಿಂತ ನಿಮಗೇ ಜಾಸ್ತಿ ಗೊತ್ತು ಸಾರ್. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು ತಂಬಾಕು ಮಂಡಳಿ ಹರಾಜಿಗೆ ಹೋಗೋದೂ ವರ್ಜೀನಿಯಾ ಜಾತಿಯೇ. ಬ್ಯಾರನ್ನಿನಲ್ಲಿ ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಯಾಗೋಕೆ ಬಿಡ್ತೀರಲ್ಲ, ಪಿಷ್ಟ ಸಕ್ಕರೆಯಾಗೋದು ಆಗಲೇ. ಆಮೇಲೆ ಶಾಖ ಏರಿಸಿದಾಗ ಆ ಸಕ್ಕರೆ ಎಲೆಯಲ್ಲೇ ನಿಲ್ಲುತ್ತೆ. ಮೇಲೆ ಹೇಳಿದ ಮಾಗುವಿಕೆಗೆ ಬುನಾದಿ ನೀವು ಬೆಂಕಿ ನೋಡಿಕೊಂಡು ನಿದ್ದೆಗೆಡುವ ಆ ರಾತ್ರಿಗಳೇ. ಬರ್ಲಿ ಅನ್ನೋ ಇನ್ನೊಂದು ಜಾತಿಯ ಎಲೆಯನ್ನು ಗಾಳಿಗೆ ತೂಗುಹಾಕಿ ವಾರಗಟ್ಟಲೆ ಒಣಗಿಸ್ತಾರೆ, ಅಷ್ಟರಲ್ಲಿ ಅದರ ಸಕ್ಕರೆ ಹೆಚ್ಚುಕಡಿಮೆ ಖಾಲಿ.

ಆದರೂ ಬ್ಯಾರನ್ನಿಂದ ಇಳಿಸಿದ ಸೊಪ್ಪನ್ನು ನೇರ ಪೈಪಿಗೆ ತುಂಬಿದರೆ ಗಂಟಲು ಕೆರೆಯುತ್ತೆ. ಕಾರ್ಖಾನೆಯಲ್ಲಿ ಎಲೆಯನ್ನು ಮತ್ತೆ ಹದಮಾಡಿ, ವರ್ಷ ಎರಡು ವರ್ಷ ಮಾಗಿಸಿ, ದಂಟು ತೆಗೆದು, ಒತ್ತಿ ಕತ್ತರಿಸ್ತಾರೆ. ಅದಕ್ಕೇ ರುಚಿ ಬೇರೆ.

ಪ್ರಶ್ನೆ: ಪೈಪಿನ ಹೊಗೆ ಒಳಗೆ ಎಳೆಯೋದಿಲ್ಲ. ಸಿಗರೇಟಿನಷ್ಟು ಅಪಾಯ ಇಲ್ಲ ಅಲ್ವಾ?

ಉತ್ತರ: ಅಪಾಯ ಇದೆ. ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಇವೆಲ್ಲದರ ಕ್ಯಾನ್ಸರಿಗೂ ಪೈಪು ದಾರಿ ಮಾಡುತ್ತೆ. ಹೊಗೆ ಒಳಗೆ ಎಳೆಯದಿದ್ದರೂ ಬಾಯಿಯ ಒಳಚರ್ಮ ನಿಕೋಟಿನ್ ಹೀರುತ್ತೆ. ಇದುವರೆಗೆ ಸೇದದವರು ಹಳೇ ಡಬ್ಬಿಯ ಆಸೆಗೆ ಶುರು ಮಾಡಲೇಬೇಡಿ. ಸೇದುವವರು ಮನೆಯಲ್ಲಿ ಮಕ್ಕಳ ಹತ್ತಿರ ಹಚ್ಚಬೇಡಿ.

ಪ್ರಶ್ನೆ: ಮ್ಯಾಕ್ಲೆಲಂಡ್ ಕಂಪನಿಯ ಕ್ರಿಸ್‌ಮಸ್ ಚಿಯರ್ ಡಬ್ಬಿಗೆ ಸಿಕ್ಕಾಪಟ್ಟೆ ಬೆಲೆ ಹೇಳ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಕಾನ್ಸಾಸ್ ಸಿಟಿಯ ಆ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಇನ್ನು ಬರೋದಿಲ್ಲ ಅನ್ನೋದಕ್ಕೇ ಆ ಬೆಲೆ. ಎಲೆ ಒಳ್ಳೇದೇ, ವರ್ಜೀನಿಯಾ, ಮಾಗಿದಷ್ಟೂ ರುಚಿ. ಆದರೂ ಅಷ್ಟು ದುಡ್ಡು ಬೇಡ ಅಂತೀನಿ. ಅದೇ ದುಡ್ಡಿಗೆ ಇವತ್ತಿನ ಒಳ್ಳೇ ವರ್ಜೀನಿಯಾ ಫ್ಲೇಕ್ ನಾಲ್ಕಾರು ಡಬ್ಬಿ ಬರುತ್ತೆ. ಒಂದನ್ನು ಈಗ ಸೇದಿ, ಉಳಿದದ್ದನ್ನು ರಬ್ಬರ್ ಅಂಚಿನ ಗಾಜಿನ ಜಾಡಿಗೆ ತುಂಬಿ, ಚೀಟಿಯಲ್ಲಿ ತಾರೀಕು ಬರೆದು, ಬೆಳಕು ಬೀಳದ ತಂಪು ಜಾಗದಲ್ಲಿಡಿ. ಫ್ರಿಜ್ ಬೇಡ. ವೆನಿಲ್ಲಾ, ಚೆರ್ರಿ ಪರಿಮಳ ಹಾಕಿದ ತಂಬಾಕನ್ನು ಹೀಗೆ ಕೂಡಿಡಬೇಡಿ, ಅದರ ಪರಿಮಳ ಹಾರಿಹೋಗುತ್ತೆ. ವಾಸನೆ ನೋಡೋಣ ಅಂತ ಸುಮ್ನೆ ತಿಂಗಳಿಗೊಮ್ಮೆ ಮುಚ್ಚಳ ತೆಗೆಯೋದೂ ಬೇಡ, ಪ್ರತಿ ಸಲ ಹೊಸ ಗಾಳಿ ಹೊಕ್ಕು ಎಲೆ ಒಣಗುತ್ತೆ. ಐದು ವರ್ಷ ಬಿಟ್ಟು ಮೊದಲ ಜಾಡಿ ತೆಗೆಯಿರಿ.