ಯುದ್ಧದಲ್ಲಿ ಕಂಡದ್ದನ್ನು ಕಾದಂಬರಿ ಮಾಡುವಾಗ ನಡೆದದ್ದನ್ನೇ ಬರೆಯಬೇಕೇ, ಕಲ್ಪನೆ ಬೆರೆಸಬಹುದೇ?

ಕಾರ್ಗಿಲ್‌ನಲ್ಲಿ ಇದ್ದವರು, ಈಗ ಕಾದಂಬರಿಗೆ ಕೈ ಹಾಕಿದ್ದೀರಿ. ನಾನೂ ಅಲ್ಲಿದ್ದವನೇ ಸರ್, 1999ರಲ್ಲಿ ದ್ರಾಸ್ ಕಡೆ ಬೋಫೋರ್ಸ್ ತೋಪಿನ ತಂಡದಲ್ಲಿ. ನಿವೃತ್ತಿಯಾಗಿ ಮಂಡ್ಯಕ್ಕೆ ಬಂದ ಮೇಲೆ ಬರೆದ ಮೊದಲ ಕರಡು 400 ಪುಟ ಆಗಿತ್ತು. ಅದರಲ್ಲಿ 150 ಪುಟ ತೆಗೆದು ಹಾಕಿದೆ.

ಕಾರಣ ಒಂದೇ ತಪ್ಪು. ದ್ರಾಸ್ ಹತ್ತಿರದ ಟೈಗರ್ ಹಿಲ್ ಶಿಖರ ನಮ್ಮ ಕೈಗೆ ಬಂದದ್ದು ಜುಲೈ 4ರಂದು. ಆ ರಾತ್ರಿ ಹಗ್ಗ ಹಿಡಿದು ಬಂಡೆ ಹತ್ತುತ್ತಿದ್ದವರನ್ನು ನನ್ನ ಕಥೆಯ ಹುಡುಗ ಕಣ್ಣಾರೆ ನೋಡಿದ ಹಾಗೆ ಬರೆದಿದ್ದೆ. ಆದರೆ ಅವನು ತೋಪಿನವನು. ನಮ್ಮ ತೋಪು ಇದ್ದ ಜಾಗದಿಂದ ಗುರಿ ಕಾಣುತ್ತಲೇ ಇರಲಿಲ್ಲ. ಮುಂದೆ ಕೂತ ವೀಕ್ಷಣಾಧಿಕಾರಿ ಶೆಲ್ಲು ಎಲ್ಲಿ ಬಿತ್ತು ನೋಡಿ ರೇಡಿಯೋದಲ್ಲಿ ಎಡ, ಬಲ, ದೂರ, ಹತ್ತಿರ ಅಂತ ತಿದ್ದಿಸುತ್ತಾರೆ. ತೋಪಿನ ಹತ್ತಿರ ನಿಂತವನಿಗೆ ಸಿಗುವುದು ಆ ಅಂಕಿಗಳು, 40 ಕಿಲೋ ಮೀರಿದ ಶೆಲ್ಲಿನ ಭಾರ, ಸುಟ್ಟ ಮದ್ದಿನ ವಾಸನೆ, ಗುಂಯ್ ಎನ್ನುವ ಕಿವಿ. ಅಷ್ಟೇ.

ಹಾಗಾದರೆ ಆ ಬಂಡೆ ಹತ್ತುವ ದೃಶ್ಯ ಬಂದದ್ದೆಲ್ಲಿಂದ? ಆಮೇಲೆ ಓದಿದ ಪೇಪರ್, ನೋಡಿದ ಟೀವಿ. ಅದೆಲ್ಲ ನಡೆದದ್ದೇ, ಒಂದಕ್ಷರ ಸುಳ್ಳಿಲ್ಲ. ಆದರೆ ಆ ರಾತ್ರಿ ಅದು ಆ ಹುಡುಗನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಯುದ್ಧ ಜುಲೈ 26ಕ್ಕೆ ಮುಗಿಯುತ್ತದೆ ಅಂತ ಜೂನ್‌ನಲ್ಲಿ ಯಾರಿಗೆ ಗೊತ್ತಿತ್ತು? ನನ್ನ ಹುಡುಗ ಮಾತ್ರ ಗೊತ್ತಿದ್ದವನ ಹಾಗೆ ಧೈರ್ಯವಾಗಿ ಓಡಾಡುತ್ತಿದ್ದ. ನಮ್ಮದೇ ತೋಪಿನ ತುಕಡಿಯಲ್ಲಿದ್ದ ಪಾಂಡವಪುರದ ಸ್ನೇಹಿತ ಹಸ್ತಪ್ರತಿ ಓದಿ, "ಇದನ್ನೆಲ್ಲ ನಾವೆಲ್ಲಿ ಕಂಡ್ವೋ?" ಅಂದ.

ಅದಕ್ಕೇ ನಿಜವೋ ಕಲ್ಪನೆಯೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಮೊದಲ ಮಹಾಯುದ್ಧದಲ್ಲಿ ಇಟಲಿಗೆ ಹೋದದ್ದು 1918ರಲ್ಲಿ. ಅವನ 'ಎ ಫೇರ್‌ವೆಲ್ ಟು ಆರ್ಮ್ಸ್'ನಲ್ಲಿ ಬರುವ, ಕಾಪೊರೆಟ್ಟೊದಲ್ಲಿ ಸೋತ ಇಟಲಿ ಸೈನ್ಯದ ಹಿಮ್ಮೆಟ್ಟುವಿಕೆ ಶುರುವಾದದ್ದು 1917ರ ಅಕ್ಟೋಬರ್‌ನಲ್ಲಿ. ಅವನು ಅದನ್ನು ನೋಡಿಯೇ ಇಲ್ಲ. ಆದರೂ ನಂಬುತ್ತೇವೆ, ಯಾಕೆಂದರೆ ಅಲ್ಲಿ ನಮಗೆ ಕಾಣುವುದು ಸೋಲಿನ ನಕ್ಷೆಯಲ್ಲ, ಕೆಸರಲ್ಲಿ ಹೂತ ಆಂಬುಲೆನ್ಸ್ ಗಾಡಿ.

ಕೆಂಪು ಪೆನ್ಸಿಲ್ ತಗೊಳ್ಳಿ. ನಿಮ್ಮ ಪಾತ್ರ ಆ ಹೊತ್ತಿಗೆ ನೋಡಲು, ಕೇಳಲು ಆಗದ ಪ್ರತಿ ಸಾಲಿಗೂ ಗೆರೆ ಎಳೆಯಿರಿ. ಆ ಸುದ್ದಿ ಅವನಿಗೆ ಯಾರಿಂದ, ಎಷ್ಟು ದಿನ ತಡವಾಗಿ ಮುಟ್ಟಿತು ಅಂತ ಪಕ್ಕದಲ್ಲಿ ಬರೆಯಿರಿ: ರೇಡಿಯೋ, ರೇಷನ್ ಲಾರಿ ಡ್ರೈವರ್, ಮನೆಯಿಂದ ಬಂದ ಇನ್‌ಲ್ಯಾಂಡ್ ಲೆಟರ್. ದಾರಿ ಸಿಗದ ಸಾಲನ್ನು ಹೊಡೆದುಹಾಕಿ. ಖಾಲಿಯಾದ ಜಾಗಕ್ಕೆ ಮೈಗೆ ಗೊತ್ತಿದ್ದದ್ದನ್ನು ತನ್ನಿ. ದ್ರಾಸ್ 10,000 ಅಡಿಗಿಂತ ಎತ್ತರ. ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದಿಲ್ಲ. ಗಾಳಿ ತೆಳು, ಹಾಗಾಗಿ ಶೆಲ್ಲು ಬಯಲಿಗಿಂತ ದೂರ ಹೋಗಿ ಬೀಳುತ್ತದೆ, ಬಯಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಂಥವನ್ನು ಯಾವ ಪೇಪರೂ ನಿಮಗೆ ಕೊಡುವುದಿಲ್ಲ.

ನನ್ನ ಟೈಗರ್ ಹಿಲ್ ಅಧ್ಯಾಯ ಈಗ 9 ಪುಟ. ರೇಡಿಯೋದಲ್ಲಿ ಅಂಕಿ ಬರುವುದು ನಿಲ್ಲುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಹುಡುಗರು ತೋಪಿನ ಪಕ್ಕದಲ್ಲೇ ಕೂತು ಕಾಯುತ್ತಾರೆ.