ಮೀನಿಗೆ ಬೆಳದಿಂಗಳು ಬೇಕು ಅಂತ ಯಾರ್ರೀ ಹೇಳಿದ್ದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮೂನ್‌ಲೈಟ್ ಬಗ್ಗೆನೇ, ಅಂದ್ರೆ ಮೀನಿನ ಟ್ಯಾಂಕಿಗೆ ಬೆಳದಿಂಗಳ ಥರ ರಾತ್ರಿ ಹಾಕೋ ನೀಲಿ ದೀಪ. ದೀಪಾವಳಿಗೆ ತಂದ ನೀಲಿ ಸ್ಟ್ರಿಪ್ ಮಿಕ್ಕಿರುತ್ತೆ ಅನ್ಸುತ್ತೆ, ಅದನ್ನ ಟ್ಯಾಂಕ್ ಮುಚ್ಚಳಕ್ಕೆ ಅಂಟಿಸೋದು, ಎರಡು ತಿಂಗಳು ಬಿಟ್ಟು ನನಗೆ ಬರೆಯೋದು. ಫಿಲ್ಟರ್ ಯಾಕೆ ಬೇಕು, ನೀರು ಯಾವಾಗ ಬದಲಾಯಿಸ್ಬೇಕು ಅನ್ನೋದೆಲ್ಲ ಇಲ್ಲಿ ಹೇಳಲ್ಲ, ಅದು ಗೊತ್ತಿಲ್ದೆ ಮೀನು ತಂದಿದ್ರೆ ಮೊದಲು ಅದನ್ನ ಕಲೀರಿ.

ದಾವಣಗೆರೆಯಿಂದ ಒಬ್ರು: ಸರ್, 3 ಅಡಿ ಟ್ಯಾಂಕ್, 4 ದೊಡ್ಡ ಏಂಜಲ್ ಮೀನು, 12 ಪುಟ್ಟ ನಿಯಾನ್ ಟೆಟ್ರಾ ಮೀನು, ಒಂದಷ್ಟು ಗಿಡ ಇದೆ. ಮೀನಿಗೆ ರಾತ್ರಿ ಚಂದ್ರನ ಬೆಳಕು ಬೇಕೇ ಬೇಕು ಅಂತ ಅಂಗಡಿಯವರು ಹೇಳಿದ್ರು, ಅದಕ್ಕೆ ಪೂರ್ತಿ ಉದ್ದಕ್ಕೂ ನೀಲಿ ಎಲ್‌ಇಡಿ ಸ್ಟ್ರಿಪ್ ಹಾಕಿ ರಾತ್ರಿಯಿಡೀ ಬಿಡ್ತಿದೀನಿ. ಈಗ ಗ್ಲಾಸೆಲ್ಲ ಪಾಚಿ. ನಿಯಾನ್ 7 ಉಳಿದಿವೆ, ಸತ್ತ ಮೀನು ಒಂದೂ ಕಣ್ಣಿಗೆ ಬಿದ್ದಿಲ್ಲ. ಯಾವ ಬ್ರ್ಯಾಂಡ್ ಲೈಟ್ ತಗೊಳ್ಲಿ?

ಬ್ರ್ಯಾಂಡ್ ವಿಷ್ಯ ಆಮೇಲೆ ಸ್ವಾಮಿ. ಹುಣ್ಣಿಮೆ ದಿನ ಚಂದ್ರ ನೆತ್ತಿ ಮೇಲಿದ್ದಾಗ್ಲೂ ನೆಲಕ್ಕೆ ಬೀಳೋ ಬೆಳಕು 0.3 ಲಕ್ಸ್ (ಬೆಳಕಿನ ಅಳತೆ) ದಾಟೋದು ಕಷ್ಟ, ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಅದು 100ಕ್ಕಿಂತ ಮೇಲಿರುತ್ತೆ. ಮೀಟರಿಗೆ 60 ಎಲ್‌ಇಡಿ ಲೆಕ್ಕ ಹಾಕಿದ್ರೆ ನಿಮ್ಮ ಸ್ಟ್ರಿಪ್‌ನಲ್ಲಿ 50 ಎಲ್‌ಇಡಿ ದಾಟುತ್ತೆ. ಅದು ಬೆಳದಿಂಗಳಲ್ಲ, ಗಣೇಶನ ಪೆಂಡಾಲು.

ಇನ್ನು ನೀಲಿ ಬಣ್ಣ. ಚಂದ್ರನ ಬೆಳಕು ನೀಲಿ ಅಂತ ಯಾರು ತಲೆಗೆ ತುಂಬಿದ್ರೋ, ಅದು ಬಿಸಿಲೇ ಅಲ್ವೇನ್ರೀ, ಚಂದ್ರನ ನೆಲಕ್ಕೆ ಬಡಿದು ವಾಪಸ್ ಬರೋದು, ನಿಜ ಹೇಳ್ಬೇಕಂದ್ರೆ ಬಿಸಿಲಿಗಿಂತ ಒಂಚೂರು ಕೆಂಪು ಕಡೆಗೇ ಇರುತ್ತೆ. ಬೆಳಕು ಕಮ್ಮಿ ಆದಾಗ ನಮ್ಮ ಕಣ್ಣಿಗೆ ಕೆಂಪು ಮಂಕಾಗಿ ನೀಲಿ ಎದ್ದು ಕಾಣುತ್ತೆ, ಅಷ್ಟೇ. ಪಾಚಿಗೆ ಮಾತ್ರ ಈ ನೀಲಿ ಹಬ್ಬ, ಯಾಕಂದ್ರೆ ಕ್ಲೋರೋಫಿಲ್ ಚೆನ್ನಾಗಿ ಹೀರ್ಕೊಳ್ಳೋದೇ 430ರಿಂದ 460 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನ, ನೀಲಿ ಎಲ್‌ಇಡಿ ಕೊಡೋದೂ ಹತ್ತಿರತ್ತಿರ ಅದನ್ನೇ. ಹಗಲೆಲ್ಲ ಲೈಟ್ ಹಾಕಿ ಊಟ ಕೊಟ್ಟಿದ್ದಲ್ದೆ ರಾತ್ರಿ ಬಾಡೂಟ ಬೇರೆ ಹಾಕ್ತಿದೀರಿ, ಗ್ಲಾಸ್ ಹಸಿರಾಗದೆ ಇನ್ನೇನಾಗುತ್ತೆ?

ನಿಯಾನ್ ಎಲ್ಲಿ ಹೋದ್ವು ಅಂದ್ರೆ, ಏಂಜಲ್ ಹೊಟ್ಟೆಗೆ. ಬೆಳೆದ ಏಂಜಲ್ ಬಾಯಿಗೆ ನಿಯಾನ್ ಸರಿಯಾದ ಸೈಜು, ಇವೆರಡನ್ನೂ ಒಂದೇ ಕವರಿಗೆ ಹಾಕಿ ಕೊಡೋ ಅಂಗಡಿಯವರಿಗೆ ನಾನು ಬಯ್ಯೋದು ಇವತ್ತಿನದಲ್ಲ. ಕತ್ತಲಾದ್ಮೇಲೆ ನಿಯಾನ್ ಮೈಬಣ್ಣ ಮಂಕಾಗುತ್ತೆ (ಕಾಯಿಲೆ ಅಲ್ಲ, ದಯವಿಟ್ಟು ಇದಕ್ಕೆ ಔಷಧಿ ಸುರೀಬೇಡಿ), ಗಿಡದ ಸಂದಿಲಿ ಅಲ್ಲಾಡದೆ ನಿಂತಿರುತ್ತೆ. ಪೂರ್ತಿ ಕತ್ತಲಾಗಿದ್ರೆ ಏಂಜಲ್ ಕೂಡ ಸುಮ್ಮನಾಗ್ತಿತ್ತು. ನೀವು ರಾತ್ರಿಯಿಡೀ ಅದಕ್ಕೆ ಟಾರ್ಚ್ ಹಿಡ್ಕೊಂಡು ನಿಂತಿದೀರಿ.

ಮೀನಿಗೆ ಕಣ್ಣುರೆಪ್ಪೆ ಇಲ್ಲ, ನೆನಪಿರ್ಲಿ. ಅಷ್ಟೇ ಅಲ್ಲ, ಅದರ ನೆತ್ತಿಯೊಳಗಿರೋ ಪೀನಿಯಲ್ ಗ್ರಂಥಿಗೆ ಬೆಳಕು ನೇರವಾಗಿ ತಾಗುತ್ತೆ, ರಾತ್ರಿಯಾಯ್ತು ಅಂತ ಮೈಗೆ ಹೇಳೋ ಮೆಲಟೋನಿನ್ ಹಾರ್ಮೋನ್ ಬಿಡ್ಬೇಕಾ ಬೇಡ್ವಾ ಅನ್ನೋದು ಆ ಬೆಳಕಿನ ಮೇಲೆ ನಿಂತಿರುತ್ತೆ. ಲೈಟ್ ಆರದೇ ಇದ್ರೆ ಅದರ ಮೈಗೆ ರಾತ್ರಿನೇ ಆಗಲ್ಲ.

ಈ ಹುಚ್ಚು ನಮ್ಮ ಕಡೆಗೆ ಬಂದಿದ್ದು ಸಮುದ್ರದ ನೀರಿನ ಟ್ಯಾಂಕ್ ಇಟ್ಟವರಿಂದ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಹವಳಗಳೆಲ್ಲ ಒಟ್ಟೊಟ್ಟಿಗೆ ಮೊಟ್ಟೆ ಬಿಡೋದನ್ನ 1980ರ ದಶಕದ ಶುರುವಿನಲ್ಲಿ ವಿಜ್ಞಾನಿಗಳು ಕಂಡ್ರು. ಹವಳ ಸಾಕೋವ್ರಿಗೆ ಅದರಲ್ಲಿ ಒಂದು ಅರ್ಥ ಇದೆ. ನಿಮ್ಮ ಏಂಜಲ್‌ಗೂ ಅದಕ್ಕೂ ಏನು ಸಂಬಂಧ? ಏಂಜಲ್ ಮೊಟ್ಟೆ ಇಟ್ಟಾಗ ಮಾತ್ರ ಬ್ರೀಡರ್‌ಗಳು ಒಂದು ಸಣ್ಣ ಮಂಕು ದೀಪ ಬಿಡ್ತಾರೆ, ಅಪ್ಪ ಅಮ್ಮ ಮೊಟ್ಟೆ ಕಾಯ್ಲಿ ಅಂತ. ಅದೂ ಸ್ವಲ್ಪ ದಿನ.

ಹಾಗಾದ್ರೆ ಹಾಕ್ಲೇಬಾರ್ದಾ ಅಂದ್ರೆ, ಹಾಕಿ, ಆದ್ರೆ ಅದು ನಿಮಗೋಸ್ಕರ, ಮೀನಿಗಲ್ಲ ಅಂತ ಒಪ್ಕೊಂಡು ಹಾಕಿ. ನಮ್ಮನೇಲೂ ಇದೆ. 12 ವೋಲ್ಟ್ ನೀಲಿ ಸ್ಟ್ರಿಪ್‌ನಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿಗೆ ಒಂದು ಕತ್ತರಿ ಗುರುತು ಇರುತ್ತೆ, ಅಲ್ಲಿ ಕತ್ತರಿಸಿ ಒಂದೇ ಒಂದು ತುಂಡು ತಗೊಳ್ಳಿ, 5 ಸೆಂಟಿಮೀಟರ್ ಬರುತ್ತೆ, 3 ಅಡಿ ಟ್ಯಾಂಕಿಗೆ ಅಷ್ಟು ಸಾಕು. ಬಿಳಿ ಸ್ಟ್ರಿಪ್ ಆದ್ರೂ ನಡೆಯುತ್ತೆ, ನೀಲಿನೇ ಆಗ್ಬೇಕಂತ ಇಲ್ಲ. ಕತ್ತರಿಸಿದ ತುದಿಗೆ ಟ್ಯಾಂಕಿಗೆ ಹಾಕೋ ಸಿಲಿಕೋನ್ ಬಳಿದು ಒಂದು ದಿನ ಒಣಗಿಸಿ. 12ರ ಬದಲು 9 ವೋಲ್ಟ್ ಅಡಾಪ್ಟರ್ ಕೊಟ್ರೆ ಇನ್ನೂ ಮಂಕಾಗಿ ಉರಿಯುತ್ತೆ, ಹಳೇ ರೂಟರ್‌ದು ಮನೇಲಿ ಬಿದ್ದಿದ್ರೆ ನೋಡಿ. ತುಂಡನ್ನ ಮಧ್ಯಕ್ಕೆ ಅಂಟಿಸ್ಬೇಡಿ, ಫಿಲ್ಟರ್ ನೀರು ಬೀಳೋ ಕಡೆ ಒಂದು ಮೂಲೆಗೆ ಹಾಕಿ, ಬೆಳಕು ಒಂದೇ ಜಾಗದಿಂದ ಬಂದ್ರೇನೇ ಅಲೆಯ ನೆರಳು ತಳದ ಮರಳಲ್ಲಿ ಹರಿದಾಡೋದು, ಉದ್ದ ಸ್ಟ್ರಿಪ್ ಹಾಕಿದ್ರೆ ಆ ಚಂದ ಬರಲ್ಲ. ಜಾಸ್ತಿ ಆಯ್ತಾ ಅಂತ ನೋಡೋಕೆ ಮೀಟರ್ ಬೇಡ, ಟ್ಯಾಂಕ್ ಪಕ್ಕ ಪೇಪರ್ ಹಿಡೀರಿ, ಸಣ್ಣಕ್ಷರ ಓದೋಕಾದ್ರೆ ಜಾಸ್ತಿ ಅಂತಲೇ ಅರ್ಥ.

ಮೇನ್ ಲೈಟ್ 9ಕ್ಕೆ ಆಫ್, ಇದು 9ರಿಂದ 10:30, ಆಮೇಲೆ ಕತ್ತಲು. ಇದರಿಂದ ಒಂದು ಉಪಯೋಗ ಇದೆ, ಒಪ್ತೀನಿ. ಫುಲ್ ಲೈಟಿಂದ ಒಮ್ಮೆಗೇ ಕತ್ತಲಾದ್ರೆ ಕೆಲವು ಮೀನು ಗಾಬರಿಯಾಗಿ ಎಗರುತ್ವೆ. ಹಿಂದೊಮ್ಮೆ ಮುಚ್ಚಳ ಸರಿಯಾಗಿ ಮುಚ್ಚದೆ ಸ್ವಿಚ್ ಆರಿಸಿ ಮಲಗಿಬಿಟ್ಟಿದ್ದೆ, ನನ್ನ ಸಿಲ್ವರ್ ಶಾರ್ಕ್ ಬೆಳಗ್ಗೆ ಸೋಫಾ ಕೆಳಗೆ ಸಿಕ್ತು, ಮೈಗೆಲ್ಲ ಧೂಳು ಮೆತ್ಕೊಂಡು ಒಣಗಿ ಹೋಗಿತ್ತು. ಅವತ್ತಿಂದ ಲೈಟ್ ಆರಿಸೋಕೆ ಮುಂಚೆ ಮುಚ್ಚಳ ಮುಟ್ಟಿ ನೋಡೋ ಚಟ. ಟೈಮರ್ ತಗೊಳ್ಳೋದಾದ್ರೆ ಒಳಗೆ ಬ್ಯಾಟರಿ ಇರೋ ಡಿಜಿಟಲ್ ತಗೊಳ್ಳಿ, ಗಿರ್ರಂತ ತಿರುಗೋದು ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತೆ, ಒಂದು ಬೇಸಿಗೆ ಕಳೆಯೋದ್ರೊಳಗೆ ನಿಮ್ಮ ಟ್ಯಾಂಕಿಗೆ ಮಟಮಟ ಮಧ್ಯಾಹ್ನ ಬೆಳದಿಂಗಳು.

ಅಡಾಪ್ಟರ್ ಮುಚ್ಚಳದ ಮೇಲೆ ಇಡ್ಲೇಬೇಡಿ, 12 ವೋಲ್ಟ್ ತಾನೇ ಅಂತ ಧೈರ್ಯ ಮಾಡ್ತಾರೆ, ಅದರ ಹಿಂದೆ 230 ಇದೆ. ವೈರು ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗ್ಬೇಕು, ನೀರು ಇಳಿದ್ರೆ ನೆಲಕ್ಕೆ ತೊಟ್ಟಿಕ್ಲಿ. ಮನೇಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇಲ್ಲ ಅಂದ್ರೆ ಲೈಟಿಗೆ ಮುಂಚೆ ಅದನ್ನ ಹಾಕಿಸಿ.

ಇನ್ನು ಉಳಿದವರ ಪ್ರಶ್ನೆಗಳು. ಅಮಾವಾಸ್ಯೆ ದಿನ ಮೂನ್‌ಲೈಟ್ ಆಫ್ ಮಾಡ್ಬೇಕಾ? ದಿನಾ ಆಫ್ ಮಾಡಿ.

ನೀಲಿ ಲೈಟಿಗೆ ವೈಟ್ ಸ್ಪಾಟ್ (ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳೋ ಕಾಯಿಲೆ) ವಾಸಿಯಾಗುತ್ತಂತೆ? ಇಲ್ಲ. ಹೇಳಿದವರ ಹತ್ರ ಇನ್ನು ಮೀನು ತಗೋಬೇಡಿ.

ಲೈಟ್ ಬದಲು ನೀರಿಗೆ ಮೆಥಿಲೀನ್ ಬ್ಲೂ ಹಾಕಿದ್ರೆ ನೀಲಿ ಎಫೆಕ್ಟ್ ಬರುತ್ತಾ? ಬರುತ್ತೆ, ಫಿಲ್ಟರ್‌ನಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಸಾಯುತ್ತೆ, ಅಮೋನಿಯಾ ಏರಿ ಮೀನೂ ಹೋಗುತ್ತೆ. ಔಷಧಿ ರೀ ಅದು, ಇಂಕಲ್ಲ.

ಬೌಲ್‌ನಲ್ಲಿರೋ ಗೋಲ್ಡ್ ಫಿಶ್‌ಗೆ ಎಷ್ಟು ವ್ಯಾಟ್ ಮೂನ್‌ಲೈಟ್? ಮೊದಲು ಬೌಲ್ ಎತ್ತಿಡಿ, ಆಮೇಲೆ ಬನ್ನಿ.

ವಾಸ್ತು ಪ್ರಕಾರ ಯಾವ ಮೂಲೆಗೆ? ಸಾಕೆಟ್ ಹತ್ರ ಇರೋ ಮೂಲೆಗೆ.

ಆನ್‌ಲೈನ್‌ನಲ್ಲಿ ನೀರೊಳಗೆ ಮುಳುಗಿಸೋ ಯುವಿ ಲ್ಯಾಂಪ್ ಸಿಕ್ತು, ತಿಳಿ ನೀಲಿ ಬೆಳಕು ಚೆನ್ನಾಗಿ ಬರ್ತಿದೆ, ಅದನ್ನೇ ಮೂನ್‌ಲೈಟ್ ಥರ ಬಿಟ್ಟಿದೀನಿ. ಎರಡು ದಿನದಿಂದ ಕಣ್ಣು ಉರಿ, ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಇದನ್ನ ಓದ್ತಿರೋವಾಗ್ಲೇ ಎದ್ದು ಹೋಗಿ ಪ್ಲಗ್ ಕಿತ್ತಾಕಿ. ಅದು ಕ್ರಿಮಿ ಕೊಲ್ಲೋ ದೀಪ, 254 ನ್ಯಾನೋಮೀಟರಿನ ಯುವಿ-ಸಿ, ಸುತ್ತ ಕವಚ ಇಲ್ದೆ ಬರೀ ಬಲ್ಬ್ ಉರಿಸಿದ್ರೆ ನಿಮ್ಮ ಕಣ್ಣು, ಮೀನಿನ ಕಣ್ಣು, ಚರ್ಮ ಯಾವುದನ್ನೂ ಬಿಡಲ್ಲ. ನಿಮಗೆ ಕಾಣ್ತಿರೋ ನೀಲಿ ಅದರ ಜೊತೆ ಬರೋ ಚೂರು ಬೆಳಕು, ಕೆಲಸ ಮಾಡೋ ಕಿರಣ ಕಣ್ಣಿಗೆ ಕಾಣೋದೇ ಇಲ್ಲ. ಮರಳು ಬಿದ್ದ ಹಾಗೆ ಚುಚ್ತಿದ್ರೆ ಮೆಡಿಕಲ್ ಶಾಪ್‌ನ ಡ್ರಾಪ್ಸ್ ಹಾಕ್ಕೊಂಡು ಕೂರ್ಬೇಡಿ, ಇವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಹೋದಾಗ ಈ ಲ್ಯಾಂಪ್ ವಿಷ್ಯ ಬಾಯ್ಬಿಟ್ಟು ಹೇಳಿ.