ದೂರದಲ್ಲಿರುವವರಿಗೆ ಸ್ಪರ್ಶವನ್ನು ತಲುಪಿಸುವ ಕೈಪಟ್ಟಿ: ಕಂಪನದ ಮೋಟಾರು ಸಾಕೇ?

ಕಿವಿ ಕೇಳಿಸದ ನಿಮ್ಮ ತಾಯಿಯವರು ಊರಿನಲ್ಲಿದ್ದಾರೆ, ನೀವು ಬೆಂಗಳೂರಿನಲ್ಲಿದ್ದೀರಿ. ನಿಮ್ಮ ಕೈಪಟ್ಟಿಯನ್ನು ನೀವು ಮುಟ್ಟಿದರೆ ಅವರ ಕೈಗೆ ಮುಟ್ಟಿದ ಅನುಭವವಾಗಬೇಕು, ಅದಕ್ಕೆ ಮೊಬೈಲಿನಲ್ಲಿರುವಂತಹ ಕಂಪನದ ಮೋಟಾರು ಸಾಕೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ ಎಂಬುದು ನನ್ನ ಅನುಭವ. ನಾನು ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಸಕಲೇಶಪುರದ ಆಚೆ ಕಾಫಿ ತೋಟದ ಮನೆಯಲ್ಲಿರುವ ನಮ್ಮ ಅತ್ತೆಯವರಿಗೂ ಕಿವಿ ಪೂರ್ತಿ ಮಂದವಾಗಿದೆ. ಅವರಿಗಾಗಿ ಇಂತಹ ಪಟ್ಟಿಯನ್ನು ಮೂರು ಬಾರಿ ಕಟ್ಟಿ, ಎರಡು ಬಾರಿ ಬಿಚ್ಚಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚರ್ಮದ ವಿಷಯ. ಸ್ಪರ್ಶವನ್ನು ಗ್ರಹಿಸುವ ನರತುದಿಗಳಲ್ಲಿ ಹಲವು ಬಗೆಗಳಿವೆ. ಚರ್ಮದ ಆಳದಲ್ಲಿರುವ ಪಚೀನಿಯನ್ ಕಣಗಳು ಸುಮಾರು 200ರಿಂದ 300 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಬಾರಿ) ಕಂಪನವನ್ನು ಅತಿ ಸೂಕ್ಷ್ಮವಾಗಿ ಹಿಡಿಯುತ್ತವೆ. ಮೇಲ್ಭಾಗದ ಮರ್ಕೆಲ್ ಕೋಶಗಳು ಒತ್ತಿ ಹಿಡಿದಿರುವುದನ್ನು ಹಿಡಿದಷ್ಟು ಹೊತ್ತೂ ತಿಳಿಸುತ್ತಿರುತ್ತವೆ. ಇವಲ್ಲದೆ ರೋಮವಿರುವ ಚರ್ಮದಲ್ಲಿ, ಅಂದರೆ ಮುಂಗೈಯಂತಹ ಕಡೆ, ಸಿ-ಟ್ಯಾಕ್ಟೈಲ್ ಎಂಬ ನಿಧಾನಗತಿಯ ನರಗಳಿವೆ. ಇವು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದುವಾದ ಸವರುವಿಕೆಗೆ ಅತಿ ಹೆಚ್ಚು ಸ್ಪಂದಿಸುತ್ತವೆ; ಜನರು ಹಿತವೆನ್ನುವ ವೇಗವೂ ಸರಿಸುಮಾರು ಅದೇ. ತಾಯಿ ಮಗುವಿನ ಬೆನ್ನು ನೇವರಿಸುವುದು ಈ ವೇಗದಲ್ಲಿಯೇ. ಮೊಬೈಲಿನ ಮೋಟಾರು ಮುಖ್ಯವಾಗಿ ಪಚೀನಿಯನ್ ಕಣಗಳನ್ನು ಮಾತ್ರ ತಟ್ಟುವುದರಿಂದ, ಅದು ಎಷ್ಟೇ ಜೋರಾಗಿ ನಡುಗಿದರೂ ಯಾರೋ ಕೈ ಇಟ್ಟರು ಎಂಬ ಭಾವ ಹುಟ್ಟುವುದಿಲ್ಲ.

ನನ್ನ ಮೊದಲ ಪಟ್ಟಿಯಲ್ಲಿ ಅಂತಹ ಒಂದೇ ಮೋಟಾರು ಇತ್ತು. "ಜೇನು ಬಂದು ಕೂತ ಹಾಗಾಗುತ್ತೆ ಕಣೇ" ಎಂದು ಅತ್ತೆಯವರು ಅದನ್ನು ಬಿಚ್ಚಿಟ್ಟರು. ಕಂಪನವನ್ನೇ ನೆಚ್ಚಿಕೊಳ್ಳದಿರಲು ವಯಸ್ಸೂ ಒಂದು ಕಾರಣ. ವಯಸ್ಸಾದಂತೆ ಕಂಪನದ ಅರಿವು ಕುಗ್ಗುತ್ತದೆ, ಸಕ್ಕರೆ ಕಾಯಿಲೆಯಿದ್ದವರಲ್ಲಿ ಇನ್ನೂ ಬೇಗ, ಅದೂ ಪಾದಗಳಿಂದ ಮೊದಲಾಗಿ. ವೈದ್ಯರು 128 ಹರ್ಟ್ಸ್ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಕಾಲ್ಬೆರಳಿಗೆ ಒತ್ತಿ ಪರೀಕ್ಷಿಸುವುದು ಇದನ್ನೇ. ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಪಾದಕ್ಕಿಂತ ಕೈಯನ್ನೇ ಆರಿಸಿಕೊಳ್ಳಿ.

ಎರಡನೆಯ ಪಟ್ಟಿಯಲ್ಲಿ ಮುಂಗೈ ಉದ್ದಕ್ಕೂ ನಾಲ್ಕು ಮೋಟಾರುಗಳನ್ನು ಸಾಲಾಗಿ ಹೊಲಿದೆ. 1972ರಲ್ಲಿ ಗೆಲ್ಡಾರ್ಡ್ ಮತ್ತು ಶೆರಿಕ್ ಎಂಬ ಮನೋವಿಜ್ಞಾನಿಗಳು ವಿವರಿಸಿದ ಒಂದು ಭ್ರಮೆ ನನ್ನನ್ನು ಬಹಳ ಸೆಳೆದಿತ್ತು: ಮಣಿಕಟ್ಟಿನ ಹತ್ತಿರ ಕೆಲವು ಬಾರಿ, ಬಳಿಕ ನಡುವೆ, ಬಳಿಕ ಮೊಣಕೈ ಹತ್ತಿರ ಬೇಗಬೇಗನೆ ತಟ್ಟಿದರೆ, ಏನೂ ತಟ್ಟದ ಜಾಗಗಳಲ್ಲಿಯೂ ಒಂದು ಪುಟ್ಟ ಮೊಲ ಕುಪ್ಪಳಿಸುತ್ತ ಹೋದಂತೆ ಅನ್ನಿಸುತ್ತದೆ. ಹೀಗಾಗಿ ಕೆಲವೇ ಮೋಟಾರುಗಳಿಂದಲೂ ಚಲನೆಯ ಅನುಭವವನ್ನು ಕೊಡಬಹುದು. ಒಂದು ಮೋಟಾರು ಇಳಿಯುತ್ತಿರುವಾಗ ಮುಂದಿನದು ಏರುವಂತೆ ಮಾಡಿದಾಗ ಸವರಿದಂತಹ ಭಾವ ಬಂತು. ಆದರೂ ಅದರಲ್ಲಿ ಬೆಚ್ಚಗಿನ ಒತ್ತಡವಿರಲಿಲ್ಲ.

ಈಗ ಅವರು ಕಟ್ಟಿಕೊಳ್ಳುತ್ತಿರುವುದು ಮೂರನೆಯದು. ಅಗಲವಾದ ಹತ್ತಿಬಟ್ಟೆಯ ಪಟ್ಟಿಯನ್ನು ಒಂದು ಚಿಕ್ಕ ಸರ್ವೋ ಮೋಟಾರು (ಹೇಳಿದಷ್ಟೇ ತಿರುಗಿ ನಿಲ್ಲುವಂತಹದು) ನಿಧಾನವಾಗಿ ಬಿಗಿ ಮಾಡಿ, ಎರಡು ಸೆಕೆಂಡು ಹಿಡಿದು, ಮತ್ತೆ ಸಡಿಲಿಸುತ್ತದೆ. ಕೈ ಹಿಡಿದುಕೊಂಡ ಹಾಗಿದೆ ಎಂದು ಅವರೇ ಹೇಳಿದರು. ಅಪ್ಪುಗೆಯನ್ನು ದೂರಕ್ಕೆ ಕಳುಹಿಸುವ ಅಂಗಿಯನ್ನು ಲಂಡನ್ನಿನ ಕ್ಯೂಟ್‌ಸರ್ಕ್ಯೂಟ್ ಎಂಬ ಉಡುಪಿನ ಸಂಸ್ಥೆ ಬಹಳ ಹಿಂದೆಯೇ ರೂಪಿಸಿತ್ತು. ಚರ್ಮಕ್ಕೆ ಅಂಟಿಕೊಳ್ಳುವ, 32 ಪುಟ್ಟ ಕಂಪಕಗಳಿರುವ, ಬ್ಯಾಟರಿಯೇ ಇಲ್ಲದ ಹಾಳೆಯನ್ನು ಅಮೆರಿಕದ ವಿಜ್ಞಾನಿ ಜಾನ್ ರೋಜರ್ಸ್ ಅವರೂ ಅವರ ಸಹೋದ್ಯೋಗಿಗಳೂ 2019ರಲ್ಲಿ ಪ್ರಕಟಿಸಿದರು. ಅವುಗಳ ಮುಂದೆ ನನ್ನದು ಒರಟು ಕೆಲಸ, ಆದರೆ ಹಾಸನದಲ್ಲಿಯೇ ರಿಪೇರಿ ಮಾಡಬಹುದಾದ ಕೆಲಸ.

ನನ್ನನ್ನು ಹೆಚ್ಚು ಕಾಡಿದ್ದು ಮುಟ್ಟಿದ್ದನ್ನು ಅರಿಯುವ ಭಾಗ. ಬೆರಳು ಹತ್ತಿರ ಬಂದಾಗ ವಿದ್ಯುತ್ ಧಾರಕತೆಯಲ್ಲಿ (ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿಯಲ್ಲಿ) ಆಗುವ ಬದಲಾವಣೆಯನ್ನು ಕೆಪಾಸಿಟಿವ್ ಸಂವೇದಕ ಗುರುತಿಸುತ್ತದೆ. ನೀರೂ ಅಂತಹದೇ ಬದಲಾವಣೆಯನ್ನು ತರುತ್ತದೆ. ಆಷಾಢದ ಜಡಿಮಳೆಯಲ್ಲಿ ಮಲೆನಾಡಿನ ಮನೆಯೊಳಗೆ ಬಟ್ಟೆಯೇ ಒಣಗುವುದಿಲ್ಲ. ಅತ್ತೆಯವರು ಒದ್ದೆಯಾದ ಪಟ್ಟಿಯನ್ನು ಮೊಳೆಗೆ ತೂಗುಹಾಕಿದ್ದರೂ ಹಾಸನದಲ್ಲಿ ನನ್ನ ಕೈ ಬಿಗಿಯುತ್ತಿತ್ತು. ಈಗ ಅದರ ಜೊತೆಗೆ ಒತ್ತಡದ ಸಂವೇದಕವನ್ನೂ ಇಟ್ಟಿದ್ದೇನೆ. ಎರಡೂ ಒಟ್ಟಿಗೆ ಹೌದೆಂದರೆ ಮಾತ್ರ ಅದು ಸ್ಪರ್ಶ. ಪಟ್ಟಿಯ ಒಳಮೈಯಲ್ಲಿ ಇನ್ನೊಂದು ಸಂವೇದಕವಿದ್ದು, ಪಟ್ಟಿ ಮೈಮೇಲಿದೆಯೇ ಎಂದು ನೋಡುತ್ತದೆ.

ಇನ್ನೊಂದು ತಪ್ಪನ್ನು ನೀವು ಮಾಡಬೇಡಿ. ಮಳೆಗಾಲದಲ್ಲಿ ತೋಟದ ಕಡೆ ನೆಟ್‌ವರ್ಕ್ ಆಗಾಗ ಹೋಗುತ್ತದೆ. ತಲುಪದ ಸ್ಪರ್ಶಗಳನ್ನು ಸಂದೇಶಗಳಂತೆ ಕೂಡಿಟ್ಟು ಬಳಿಕ ತಲುಪಿಸುವ ಹಾಗೆ ನಾನು ಬರೆದಿದ್ದೆ. ಒಂದು ರಾತ್ರಿ ಸಿಗ್ನಲ್ ಮರಳಿದಾಗ ಸಂಜೆಯ ಆರು ಸ್ಪರ್ಶಗಳು ಒಂದರ ಹಿಂದೊಂದು ಬಂದು, ಏನೋ ಅನಾಹುತವಾಗಿದೆ ಎಂದು ಹೆದರಿ ಅವರು ಪಕ್ಕದ ಮನೆಯವರನ್ನು ಎಬ್ಬಿಸಿದರು. ಆ ಹೆದರಿಕೆಗೆ ನಾನೇ ಕಾರಣಳಾದೆ ಎಂಬ ನೋವು ಇಂದಿಗೂ ಇದೆ. ಮುಟ್ಟುವುದಕ್ಕೆ ಆ ಹೊತ್ತೇ ಅರ್ಥ. ಹತ್ತು ಸೆಕೆಂಡಿನೊಳಗೆ ತಲುಪದಿದ್ದರೆ ಅದನ್ನು ಅಳಿಸಿ, ತಲುಪಲಿಲ್ಲ ಎಂದು ಮುಟ್ಟಿದವರಿಗೇ ತಿಳಿಸುವುದು ಸರಿ.

ಬಿಗಿಯುವ ಪಟ್ಟಿಗೆ ಯಾಂತ್ರಿಕ ತಡೆಯೊಂದು ಇರಲೇಬೇಕು. ಮೋಟಾರು ಕೆಟ್ಟು ನಿಂತರೂ ಬೆರಳೊಂದು ಒಳಗೆ ತೂರುವಷ್ಟು ಸಡಿಲ ಉಳಿಯಬೇಕು, ವೆಲ್ಕ್ರೋವನ್ನು ಒಂದೇ ಕೈಯಿಂದ ಎಳೆದು ಬಿಚ್ಚುವಂತಿರಬೇಕು. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದ ಕೈಗೆ ಇದನ್ನು ಕಟ್ಟಲೇಬಾರದು.

ಬಿಡಿಭಾಗಗಳನ್ನು ಕೊಳ್ಳುವ ಮೊದಲು ಒಮ್ಮೆ ಊರಿಗೆ ಹೋಗಿ ತಾಯಿಯವರ ಪಕ್ಕ ಕುಳಿತುಕೊಳ್ಳಿ. ಅವರು ಕಣ್ಣು ಮುಚ್ಚಿರಲಿ. ಮೊಂಡು ತುದಿಯ ಎರಡು ಪೆನ್ಸಿಲುಗಳನ್ನು ಅವರ ಮುಂಗೈಗೆ ಒಟ್ಟಿಗೆ ಮುಟ್ಟಿಸಿ, ಎಷ್ಟು ಕಡೆ ಮುಟ್ಟಿದಂತಾಯಿತೆಂದು ಬೆರಳೆತ್ತಿ ತೋರಿಸಲು ಮೊದಲೇ ತಿಳಿಸಿರಿ. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರವೂ ತಿಳಿಯುತ್ತದೆ, ಮುಂಗೈಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಬೇಕಾಗಬಹುದು. ಬಳಿಕ ನಿಮ್ಮ ಕೈಯಿಂದಲೇ ಮಣಿಕಟ್ಟು, ಮುಂಗೈ, ತೋಳನ್ನು ಒಂದೊಂದಾಗಿ ಹಿಡಿದು, ಯಾವುದು ಹಿತವೆಂದು ಕೇಳಿ. ಅವರು ತೋರಿಸಿದ ಜಾಗದ ಸುತ್ತಳತೆಯನ್ನು ದಾರದಿಂದ ತೆಗೆದುಕೊಂಡು ಬನ್ನಿ.